ಇಗ್ಲಿಯವರ ದಿನ ಉರಿದ ಬಲ್ಬು

"ಬಲ್ಬು ಉರೀತಿದೆ ಕಣೇ ಇಝ್ಝಾ. ಮಸೀದೀದೂ ಉರೀತಿದೆ, ಇದ್ದೀರನ ಅಂಗಡೀದೂ ಉರೀತಿದೆ. ಇವತ್ತು ಇಗ್ಲಿಯವರ ದಿನ ತಾನೆ?"

ಪಕ್ಕದ ಮನೆ ಟೂದಾ ಬಾಗಿಲಲ್ಲೇ ನಿಂತು ಇಷ್ಟನ್ನೂ ಒಂದೇ ಉಸಿರಿಗೆ ಒದರಿಬಿಟ್ಟಳು. ಒಳಗೆ ಹೆಣ ಇದೆ ಅನ್ನೋದು ಆಮೇಲೆ ನೆನಪಾಯ್ತು. ತಲೆಬಟ್ಟೆಯ ತುದೀನ ಬಾಯಿಗೆ ತುರುಕಿಕೊಂಡು ಗೋಡೆಗೆ ಅಂಟಿ ನಿಂತಳು.

ಇಝ್ಝಾ ಅಪ್ಪನಿಗೆ ಸುತ್ತೋಕೆ ಬಿಳಿ ಬಟ್ಟೆ ಹರೀತಾ ಇದ್ದಳು. ಅರ್ಧ ಹರಿದದ್ದು ಹಾಗೇ ಕೈಯಲ್ಲಿ ಉಳೀತು. ತಲೆ ಎತ್ತಿ ನೋಡಿದರೆ ಹೌದು, ತೊಲೆಗೆ ನೇತುಹಾಕಿದ ಬಲ್ಬು ಹಗಲು ಹೊತ್ತಲ್ಲೇ ಹಳದಿಯಾಗಿ ಉರೀತಿದೆ. ಅತ್ತು ಅತ್ತು ಕಣ್ಣು ಊದಿದ್ದಕ್ಕೆ ಕೋಣೆ ಹಾಗೆ ಕಾಣ್ತಿದೆ ಅಂತ ಇಷ್ಟು ಹೊತ್ತು ಅವಳು ಅಂದ್ಕೊಂಡಿದ್ದಳು.

ತಲಾತ್ ಊರಲ್ಲಿ ಇದು ಸಣ್ಣ ಸುದ್ದಿ ಅಲ್ಲ. ಅಟ್ಲಾಸ್ ಬೆಟ್ಟದ ಆ ಕಣಿವೆಗೆ ಹೊಳೆ ಒಂದು, ಊರು ಎರಡು. ಬಂಡೆಯ ಮೇಲೆ ಇಗ್ಲಿ, ಕೆಳಗೆ ಅಕ್ರೋಟು ಮರಗಳ ನಡುವೆ ತಲಾತ್. ಜಲಪಾತದ ನೆತ್ತಿಯಲ್ಲಿ ಪಾಲುಗಲ್ಲು ಇದೆ. ಅಲ್ಲಿಂದ ಮೂರು ದಿನ ನೀರು ತಲಾತ್‌ಗೆ, ಮೂರು ದಿನ ಇಗ್ಲಿಗೆ. ತಲಾತ್ ಸರದಿ ಇದ್ದಾಗ ಹೊಳೆಯೆಲ್ಲಾ ದಪ್ಪ ಪೈಪಿನೊಳಗೆ ಧುಮುಕಿ, ಕೆಳಗೆ ಮೆಷಿನ್ ಮನೆಯ ಚಕ್ರ ತಿರುಗಿಸಿ, ಆಮೇಲೆ ಹೊಲಗಳಿಗೆ ಹೋಗುತ್ತೆ. ಇಗ್ಲಿ ಸರದಿ ಬಂತು ಅಂದ್ರೆ ಅವರು ಮೇಲೇ ತೂಬು ತೆಗೆದು ನೀರನ್ನ ತಮ್ಮ ಕಾಲುವೆಗೆ ತಿರುಗಿಸ್ಕೋತಾರೆ. ಪೈಪು ಒಣಗಿ ಚಕ್ರ ನಿಲ್ಲುತ್ತೆ. ಅಲ್ಲಿಗೆ ತಲಾತ್‌ಗೆ ಮೂರು ದಿನ ಕತ್ತಲೆ. ಆ ಊರಲ್ಲಿ ಮದುವೆ ದಿನ ಇಡೋಕೆ ಮೊದಲು ಹುಡುಗಿ ಒಪ್ಪಿದಳಾ ಅಂತ ಕೇಳಲ್ಲ, ನೀರು ಯಾರದು ಅಂತ ಕೇಳ್ತಾರೆ.

ನಿನ್ನೆಯಷ್ಟೇ ಇಗ್ಲಿಯ ಸರದಿ ಶುರುವಾಗಿತ್ತು.

ಒಳಗೆ ಇಝ್ಝಾಳ ಅಪ್ಪ ಅಸ್ಸುವನ್ನ ತೊಳೆಯೋಕೆ ಕೂತಿದ್ದ ಮುದುಕರು ಬೆಚ್ಚಗಿನ ನೀರು ಕೇಳಿ ಕಳಿಸಿದರು. ಸತ್ತ ಮನೇಲಿ ಒಲೆ ಹಚ್ಚೋ ಹಾಗಿಲ್ಲ. ಟೂದಾ ತನ್ನ ಮನೆಯಿಂದ ತರ್ತೀನಿ ಅಂದಳು. ಇಝ್ಝಾ ಬೇಡ ಅಂತ ಎರಡು ಬಕೆಟ್ ಹಿಡಿದು ಮೆಷಿನ್ ಮನೆ ಕಡೆ ನಡೆದಳು.

ಅಪ್ಪನ ಮಂಡಿ ಸೋತ ಮೇಲೆ ಮೆಷಿನ್ನು ಅವಳ ಪಾಲಿಗೆ ಬಂದಿತ್ತು. ಗಂಡನ ಮನೆ ಬಿಟ್ಟು ಬಂದವಳಿಗೆ ಗ್ರೀಸು ಹಚ್ಚೋ ಕೆಲಸವೇ ಸರಿ ಅಂತ ಊರು ನಕ್ಕಿತ್ತು. ಊರು ಬಳಸಿ ಮಿಕ್ಕ ಕರೆಂಟನ್ನ ಎಲ್ಲಾದರೂ ಖರ್ಚು ಮಾಡದಿದ್ರೆ ಚಕ್ರ ಹುಚ್ಚು ಹಿಡಿದ ಹಾಗೆ ಓಡುತ್ತೆ. ಅದಕ್ಕೆ ಮೆಷಿನ್ ಮನೆಯ ಹಿಂದೆ ಒಂದು ತೊಟ್ಟಿ ಕಟ್ಟಿ, ಮಿಕ್ಕಿದ್ದನ್ನ ಅದರ ನೀರು ಕಾಯಿಸೋಕೆ ಬಿಟ್ಟಿದ್ದರು. ಹೆಂಗಸರು ಬಟ್ಟೆ ಒಗೆಯೋದು, ಮಕ್ಕಳ ತಲೆ ತೊಳೆಯೋದು ಎಲ್ಲಾ ಅಲ್ಲೇ. ಇಗ್ಲಿಯವರ ದಿನ ಮಾತ್ರ ಆ ತೊಟ್ಟಿಗೆ ಕೈ ಅದ್ದಿದರೆ ಮೈ ಜುಮ್ಮೆನ್ನುತ್ತೆ.

ಇಝ್ಝಾ ಕೈ ಅದ್ದಿದಳು. ಬಿಸಿ ಇತ್ತು. ಗೋಡೆ ಆಚೆ ಚಕ್ರ ಗುಂಯ್ ಅಂತಿತ್ತು. ಅವಳಿಗೆ ಅಲ್ಲೇ ಕೂರಬೇಕು ಅನ್ನಿಸ್ತು. ಬೆಟ್ಟದ ಹೆಂಗಸರು ಹೆಣ ಮನೇಲಿಟ್ಕೊಂಡು ಸಂತೋಷಪಡೋದು ಹೇಗೆ ಅಂತ ಯಾರೂ ಹೇಳಿಕೊಟ್ಟಿರಲಿಲ್ಲ.

ಅಷ್ಟರಲ್ಲಿ ಇದ್ದೀರ ಏದುಸಿರು ಬಿಡ್ತಾ ಬಂದ. ಚಿಕ್ಕಪ್ಪನ ಮಗ, ಊರಿಗಿರೋದೊಂದೇ ಅಂಗಡಿ ಅವನದು.

"ತೂಬು ಮುಚ್ಚಿದ್ದು ನೀನಾ?" ಅಂದ.

"ಬೆಳಗಿನ ಜಾವದಿಂದ ಅಪ್ಪನ ಪಕ್ಕ ಕೂತಿದೀನಿ. ನನಗೇನು ರೆಕ್ಕೆ ಇದೆಯಾ?"

"ಮತ್ತೆ ಯಾರು? ಇಗ್ಲಿಯವರು ಮಧ್ಯಾಹ್ನ ಮಣ್ಣಿಗೆ ಬರ್ತಾರೆ. ಹೆಣದ ಮುಂದೇನೇ ನೀರುಕಳ್ಳರು ಅನ್ನಿಸ್ಕೋಬೇಕು ನಾವು."

ಇಝ್ಝಾ ಬಕೆಟ್ ಮುಳುಗಿಸಿದಳು. ಇದ್ದೀರ ಹೋಗಲಿಲ್ಲ, ಚಪ್ಪಲಿಯಿಂದ ಮಣ್ಣು ಕೆದಕ್ತಾ ನಿಂತ.

"ನಾಳೆ ಲಾರಿ ಬರುತ್ತೆ ಇಝ್ಝಾ. ಇವತ್ತು ಇದನ್ನ ಹೇಳಬಾರದು, ಗೊತ್ತು."

"ಗೊತ್ತಿದ್ದೂ ಹೇಳಿದೆಯಲ್ಲ. ಬಕೆಟ್ ಹಿಡಿ."

ಲಾರಿ ವಿಷಯ ಊರಿಗೆಲ್ಲಾ ಗೊತ್ತಿದ್ದದ್ದೇ. ಅಸ್ಸು ಉಸಿರಾಡ್ತಿರೋವರೆಗೂ ಮೆಷಿನ್ ಮುಟ್ಟಲ್ಲ ಅಂತ ಹಿರಿಯರು ಮಾತು ಕೊಟ್ಟಿದ್ದರು. ಅವನು ಹಾಸಿಗೆ ಹಿಡಿದು ತಿಂಗಳಾಗಿತ್ತು. ಇದ್ದೀರ ಮುಂದಾಲೋಚನೆ ಮಾಡಿ, ಮೆಷಿನ್ನಿಗೆ ಗಿರಾಕಿ ಹುಡುಕಿ, ಈ ಸಂತೆ ದಿನ ಬಾ ಅಂತ ಲಾರಿಯವನಿಗೆ ಹೇಳಿಟ್ಟಿದ್ದ. ಮಾರಿ ಡೀಸೆಲ್ ಜನರೇಟರ್ ತರೋದು ಅಂತ. ಅವನು ಕೆಟ್ಟವನೇನಲ್ಲ. ಮೂರು ದಿನಕ್ಕೊಮ್ಮೆ ಬೆಣ್ಣೆ ಕರಗಿ ಫ್ರಿಜ್ಜಿನಿಂದ ಹೊರಗೆ ಹರಿದು ಬಂದರೆ ಯಾರಿಗೆ ತಾನೆ ತಾಳ್ಮೆ ಇರುತ್ತೆ? ಸಂತೆ ನಾಳೆ ಇತ್ತು, ಅಸ್ಸು ಇವತ್ತು ಉಸಿರು ಬಿಟ್ಟಿದ್ದ. ಇಝ್ಝಾಗೆ ಮಾತ್ರ ಅಪ್ಪನನ್ನ ಎರಡು ದಿನ ಎರಡು ಸಲ ಹೊತ್ಕೊಂಡು ಹೋಗ್ತಾರೆ ಅನ್ನೋ ಹಾಗೆ ಸಂಕಟ.

*

ಮೆಷಿನ್ ಬರೋಕೆ ಮುಂಚಿನ ಮಾತು, ಇಝ್ಝಾಗೆ ಆಗಿನ್ನೂ ಮದುವೆ ಆಗಿರಲಿಲ್ಲ. ಪಟ್ಟಣದಿಂದ ಒಬ್ಬಳು ಇಂಜಿನಿಯರ್ ಹುಡುಗಿ ಹೇಸರಗತ್ತೆ ಮೇಲೆ ಕೂತು, ಅರ್ಧ ದಾರಿಗೇ ಇಳಿದು, ಮಿಕ್ಕ ದಾರಿ ಅದನ್ನ ತಾನೇ ಎಳ್ಕೊಂಡು ಬಂದಿದ್ದಳು. ಜಲಪಾತ ನೋಡಬೇಕು ಅಂದಳು. ನೀರಿನ ವಿಷಯ ಅಂದ್ಮೇಲೆ ನೀರುಗಂಟಿನೇ ಹೋಗಲಿ ಅಂತ ಊರವರು ಅಸ್ಸುವನ್ನ ಜೊತೆ ಹಾಕಿದರು.

ಅವಳು ಕಾಲುವೆ ನೆಟ್ಟಗಿರೋ ಕಡೆ ಒಂದು ಸೇಬು ತೇಲಿಬಿಟ್ಟಳು. ಅದು ಈ ಮರದಿಂದ ಆ ಮರಕ್ಕೆ ಎಷ್ಟು ಹೊತ್ತಲ್ಲಿ ಹೋಯ್ತು ಅಂತ ಕೈಗಡಿಯಾರ ನೋಡಿದಳು. ಕಾಲುವೆ ಅಗಲ ಆಳ ಅಳೆದಳು. ಅಷ್ಟರಲ್ಲೇ ಸೆಕೆಂಡಿಗೆ ಎಷ್ಟು ಲೀಟರ್ ಹರಿಯುತ್ತೆ ಅಂತ ಹೇಳಿಬಿಟ್ಟಳು. ಜಲಪಾತದ ಎತ್ತರಾನ ಗಾರೆ ಕೆಲಸದವರ ಲೆವೆಲ್ ಪೈಪಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಅಳೆದಳು. ಆಮೇಲೆ ಬಂಡೆ ಮೇಲೆ ಕೂತು ಅಸ್ಸುವಿಗೆ ಲೆಕ್ಕ ಹೇಳಿಕೊಟ್ಟಳು. ಲೀಟರನ್ನ ಮೀಟರಿನಿಂದ ಗುಣಿಸು, ಹತ್ತರಿಂದ ಗುಣಿಸು, ಬಂದಿದ್ದರಲ್ಲಿ ಅರ್ಧ ಬಿಸಾಕು. ಮಿಕ್ಕಿದ್ದೇ ಕರೆಂಟು.

"ಅರ್ಧ ಯಾಕಮ್ಮ ಬಿಸಾಕಬೇಕು?"

"ಪೈಪು ಒಂದಿಷ್ಟು ತಿನ್ನುತ್ತೆ, ಚಕ್ರ ಒಂದಿಷ್ಟು, ತಂತಿ ಒಂದಿಷ್ಟು."

"ನಮ್ಮನೆ ನೆಂಟರ ಥರ ಅನ್ನು" ಅಂದ ಅಸ್ಸು.

ಆವತ್ತಿಂದ ಅವನಿಗೆ ಹುಚ್ಚು ಹಿಡೀತು. ನೀರು ಬೀಳೋದಕ್ಕೂ ಒಂದು ಅಂಕಿ ಇದೆ ಅನ್ನೋದು ಅವನ ತಲೇಲಿ ಕೂತುಬಿಡ್ತು. ಮಾಳಿಗೆಯಿಂದ ಹಿಮ ಕರಗಿ ಬೀಳೋ ನೀರಿಗೆ ಲೆಕ್ಕ. ಕತ್ತೆ ಉಚ್ಚೆ ಹೊಯ್ದರೂ ಲೆಕ್ಕ. ನೆಂಟರ ಮುಂದೆ ಪುದೀನ ಚಹಾನ ಕೈ ಎತ್ತರಕ್ಕೆತ್ತಿ ಲೋಟಕ್ಕೆ ಸುರೀತಾ, ಇಷ್ಟು ಎತ್ತರಕ್ಕೆ ಇಷ್ಟು ಚಹಾ, ಒಂದು ನೊಣದ ಮನೆಗೆ ದೀಪ ಹಚ್ಚಬಹುದು ಅನ್ನೋನು. ನೆಂಟರು ಮುಖ ಮುಖ ನೋಡ್ಕೊಳ್ಳೋರು.

ಹುಡುಗಿ ಹೋಗೋವಾಗ, ಒಂದು ಸಲ ಅಳೆದದ್ದು ಸಾಲಲ್ಲ, ಬೇಸಿಗೆ ಪೂರ್ತಿ ಬೇರೆ ಬೇರೆ ದಿನ ಅಳೆದು ತಿಳಿಸಿ ಅಂದಿದ್ದಳು. ಅಸ್ಸು ಅಳೆದ. ಬೆಳಿಗ್ಗೆ ಅಳೆದ, ಸಂಜೆ ಅಳೆದ, ಸೇಬು ಸವೆದುಹೋಗೋವರೆಗೂ ತೇಲಿಬಿಟ್ಟ. ಪ್ರತಿ ಸಲಾನೂ ಅರವತ್ತು ಲೀಟರ್ ಆಸುಪಾಸು ಬರ್ತಿತ್ತು. ಆದರೆ ಅಳೆದದ್ದೆಲ್ಲಾ ತಲಾತ್‌ನ ದಿನಗಳಲ್ಲಿ. ಇನ್ನೊಬ್ಬರ ಸರದಿ ದಿನ ಕೈಯಲ್ಲಿ ಕೋಲು ಹಿಡಿದು ಹೊಳೆ ಹತ್ರ ಓಡಾಡೋನನ್ನ ಆ ಕಣಿವೇಲಿ ಕಳ್ಳ ಅಂತಾರೆ. ತನ್ನದಲ್ಲದ ನೀರನ್ನ ಅಳೆಯೋದು ಅಂದ್ರೆ ಪಕ್ಕದ ಮನೆ ಕಣಜಕ್ಕೆ ಕೈ ಹಾಕಿದ ಹಾಗೆ. ಅದು ಅವನ ಮನಸ್ಸಿಗೇ ಬರಲಿಲ್ಲ. ಹುಡುಗಿ ನಲ್ಲಿ ನೀರಿನ ಊರಿನವಳು, ಹೊಳೆಗೂ ವಾರದ ದಿನಗಳು ಇರ್ತಾವೆ ಅಂತ ಅವಳಿಗೂ ಹೊಳೀಲಿಲ್ಲ. ಹೊಳೆಯೆಲ್ಲಾ ದಿನಾ ಬೀಳುತ್ತೆ ಅಂತಲೇ ಲೆಕ್ಕ ಆಯ್ತು. ಅಷ್ಟಕ್ಕೆ ತಕ್ಕ ದೊಡ್ಡ ಮೆಷಿನ್ನೇ ಬಂತು.

*

ಮಧ್ಯಾಹ್ನದ ನಮಾಜಿಗೆ ಮುಂಚೆ ಇಗ್ಲಿಯವರು ಬೆಟ್ಟ ಇಳಿದು ಬಂದರು. ಮುಂದೆ ಗಂಡಸರು, ಹಿಂದೆ ತಲೆ ಮೇಲೆ ಮುಚ್ಚಿದ ಪಾತ್ರೆ ಹೊತ್ತ ಹೆಂಗಸರು. ಎರಡೂರಿನ ನಡುವೆ ಎಷ್ಟೇ ಜಗಳ ಇರಲಿ, ಒಂದೂರಲ್ಲಿ ಸಾವಾದರೆ ಮೊದಲ ದಿನದ ಊಟ ಇನ್ನೊಂದೂರಿಂದ ಬರಬೇಕು. ಅದನ್ನ ಯಾರೂ ಇವತ್ತಿನವರೆಗೂ ತಪ್ಪಿಸಿಲ್ಲ.

ಎಲ್ಲರಿಗಿಂತ ಮುಂದೆ ಇಗ್ಲಿಯ ಮುಖ್ಯಸ್ಥ ಬೆನ್ನಾಸರ್. ದಪ್ಪ ಮನುಷ್ಯ, ಇಳಿದು ಬಂದಿದ್ದಕ್ಕೋ ಸಿಟ್ಟಿಗೋ ಕತ್ತು ಕೆಂಪಗಾಗಿತ್ತು. ಬರೋ ದಾರೀಲೇ ಪಾಲುಗಲ್ಲು ನೋಡಿದ್ದ. ಇಗ್ಲಿಯ ತೂಬಿಗೆ ಯಾರೋ ಕಲ್ಲಿಟ್ಟು, ಹುಲ್ಲು ತುಂಬಿ, ಕೆಸರು ಮೆತ್ತಿದ್ದರು. ಆದರೂ ಇದ್ದೀರನನ್ನ ಅಪ್ಪಿಕೊಂಡು, ಅಲ್ಲಾಹ್ ನಿಮ್ಮ ಸಹನೆಗೆ ದೊಡ್ಡ ಪ್ರತಿಫಲ ಕೊಡಲಿ ಅಂದ. ಅಸ್ಸು ಪುಣ್ಯಾತ್ಮ, ಜೀವನದಲ್ಲಿ ಇನ್ನೊಬ್ಬರ ಹನಿ ನೀರು ಮುಟ್ಟಿದವನಲ್ಲ ಅಂದ. ಕೊನೇ ಮಾತು ಹೇಳೋವಾಗ ಹಲ್ಲು ಕಡಿದ ಸದ್ದು ಬಾಗಿಲ ಹತ್ರ ನಿಂತಿದ್ದ ಇಝ್ಝಾಗೂ ಕೇಳಿಸ್ತು. ಆಮೇಲೆ ಇದ್ದೀರನ ಕಿವಿ ಹತ್ರ ಬಗ್ಗಿದ.

"ಸಾವಿನ ಮನೆ ಅಂತ ಬಾಯಿ ಕಟ್ಕೊಂಡಿದೀನಿ. ಊಟ ಆಗಲಿ."

ಸಾಲಿನ ಕೊನೇಲಿ ಝಾಯಿದ್ ಬಂದ. ಇಗ್ಲಿಯ ನೀರುಗಂಟಿ, ಅಸ್ಸುವಿನ ವಯಸ್ಸಿನವನೇ. ಹೆಗಲ ಮೇಲೆ ಗುದ್ದಲಿ, ಮೊಣಕಾಲವರೆಗೂ ಹಸಿ ಕೆಸರು. ಮಣ್ಣಿಗೆ ಬರೋವಾಗ ಯಾರಾದರೂ ಹೀಗೆ ಬರ್ತಾರಾ ಅಂತ ಜನ ನೋಡಿದರು. ನೋಡಿದ ಮೇಲೆ ಅದು ತೂಬಿನ ಕೆಸರು ಅಂತ ಅವರಿಗೆ ಅರ್ಥ ಆಯ್ತು. ಇಗ್ಲಿಯವರ ಗುಂಪಲ್ಲಿ ಗುಸುಗುಸು ಎದ್ದಿತು. ಝಾಯಿದ್ ಯಾರ ಕಡೇನೂ ತಿರುಗಲಿಲ್ಲ. ಗುದ್ದಲೀನ ಗೋಡೆಗೆ ಒರಗಿಸಿ, ಕೈ ತೊಳ್ಕೊಂಡು, ಚಟ್ಟದ ತಲೆ ಕಡೆಯ ಮೂಲೆಗೆ ಹೆಗಲು ಕೊಟ್ಟ. ಅದು ಮಗನ ಜಾಗ. ಅಸ್ಸುವಿಗೆ ಗಂಡುಮಕ್ಕಳಿರಲಿಲ್ಲ.

ಗಂಡಸರು ಗೋರಿ ಕಡೆ ಹೋದರು. ಹೆಂಗಸರು ಉಳಿದರು. ಝಾಯಿದನ ಹೆಂಡತಿ ಫದ್ಮಾ ದೊಡ್ಡ ಮಣ್ಣಿನ ತಟ್ಟೆ ಇಳಿಸಿ ಇಝ್ಝಾ ಪಕ್ಕ ಕೂತಳು, ಅವಳ ತಲೇನ ತನ್ನ ಭುಜಕ್ಕೆ ಒತ್ತಿಕೊಂಡಳು. ಇಝ್ಝಾ ಆ ಭುಜದಿಂದಲೇ ಮೆಲ್ಲಗೆ ಕೇಳಿದಳು.

"ಪೈಪಿಗೆ ನೀರು ಬಿಟ್ಟಿದ್ದು ಝಾಯಿದ್ ಚಿಕ್ಕಪ್ಪಾನೇ ತಾನೆ, ಚಿಕ್ಕಮ್ಮ? ಯಾಕೆ?"

"ಊಟ ಆಗಲಿ" ಅಂದಳು ಫದ್ಮಾ. ಅಂದು, ನುಚ್ಚಿನ ಕುಸ್ಕುಸ್ ಮೇಲಿನ ಬಟ್ಟೆ ಎತ್ತಿ, ಹಬೆ ಆರಿಹೋಗಿಲ್ಲ ತಾನೆ ಅಂತ ಬೆರಳಿಟ್ಟು ನೋಡಿದಳು. ಇವತ್ತು ಬೆಳಿಗ್ಗೆಯಿಂದ ಇದು ಏಳನೇ ಸಲವೋ ಎಂಟನೇ ಸಲವೋ.

*

ಮೆಷಿನ್ ಬಂದ ಮೊದಲ ಮೂರು ದಿನ ತಲಾತ್‌ನಲ್ಲಿ ಯಾರೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಮಕ್ಕಳು ಕಣ್ಣಲ್ಲಿ ನೀರು ಬರೋವರೆಗೂ ಬಲ್ಬು ನೋಡೋರು. ಮುದುಕಿಯರು ಅದಕ್ಕೂ ಸಲಾಂ ಹೇಳೋರು. ತಮಟೆ ಬಾರಿಸಿ ಅಸ್ಸುವನ್ನ ಹೆಗಲ ಮೇಲೆ ಹೊತ್ತು ಕುಣಿದರು. ನಾಲ್ಕನೇ ದಿನ ಇಗ್ಲಿಯವರು ತಮ್ಮ ತೂಬು ತೆಗೆದರು. ಬಲ್ಬು ಕೆಂಪಗಾಗಿ, ಕೆಂಡದ ಹಾಗೆ ಒಂದು ಕ್ಷಣ ಉಳಿದು, ಹೋಯ್ತು. ಊರಿಗೆ ಊರೇ ಅಸ್ಸುವಿನ ಕಡೆ ತಿರುಗಿತು. ಅವನು ಒಂದು ಕೈಯನ್ನ ತಲೆ ಮೇಲಿಟ್ಟುಕೊಂಡು ನಿಂತಿದ್ದು ಇಝ್ಝಾಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಆಮೇಲೆ ಅವನ ಹೆಸರೇ ಮೂರು ದಿನದ ಅಸ್ಸು ಅಂತ ಆಯ್ತು. ಸಂತೇಲೂ ಹಾಗೇ ಕರೆದರು. ಇಝ್ಝಾ ಗಂಡನ ಮನೇಲಂತೂ ಅವಳ ಅಡಿಗೆ ಸಪ್ಪೆಯಾದರೂ ಅಪ್ಪನ ಲೆಕ್ಕ ಅನ್ನೋರು.

ಅಸ್ಸು ಯಾರ ಮೇಲೂ ರೇಗಲಿಲ್ಲ. ಮಾರನೇ ಬೆಳಿಗ್ಗೆ ಎದ್ದು, ರೊಟ್ಟಿ ಆಲಿವ್ ಕಟ್ಕೊಂಡು, ಪಾಲುಗಲ್ಲಿನ ಹತ್ರ ಹೋಗಿ ಇಗ್ಲಿಯ ನೀರುಗಂಟಿ ಝಾಯಿದನ ಪಕ್ಕ ಕೂತ. ನಿಮ್ಮ ಮನೆಗಳು ಬಂಡೆ ಮೇಲಿರಬಹುದು, ಹೊಲಗಳೆಲ್ಲಾ ಮೆಷಿನ್ ಮನೆಗಿಂತ ಕೆಳಗೇ ತಾನೆ ಇರೋದು ಅಂದ. ನಿಮ್ಮ ನೀರನ್ನೂ ಮೊದಲು ಪೈಪಿಗೆ ಬಿಡಿ, ಚಕ್ರ ತಿರುಗಿಸಿ ಬಂದ ಮೇಲೆ ನೀವೇ ತಗೊಳ್ಳಿ, ಒಂದು ಲೋಟಾನೂ ಕಮ್ಮಿ ಆಗಲ್ಲ ಅಂದ. ಝಾಯಿದ್ ಇಗ್ಲಿಯಲ್ಲಿ ಎಲ್ಲರೂ ಹೇಳೋದನ್ನೇ ಹೇಳಿದ.

"ಅದು ಸತ್ವ ಹಿಂಡಿದ ನೀರು ಕಣೋ. ಕಬ್ಬಿಣದ ಚಕ್ರ ಗಿರಗಿರ ತಿರುಗಿಸಿ ಸುಸ್ತಾದ ನೀರಿಂದ ಬಾರ್ಲಿ ಬೆಳೆಯುತ್ತಾ?"

"ಬೀಳೋದು ನೀರಿನ ಶಕ್ತಿ, ಒದ್ದೆ ಮಾಡೋದು ಅದರ ಗುಣ. ನಾನು ತಗೊಂಡಿದ್ದು ಬೀಳೋದನ್ನ ಮಾತ್ರ" ಅಂದ ಅಸ್ಸು.

ಈ ಒಂದೇ ಜಗಳಾನ ಇಬ್ಬರೂ ವರ್ಷಗಟ್ಟಲೆ ಆಡಿದರು. ಒಬ್ಬ ಬರದಿದ್ದ ದಿನ ಇನ್ನೊಬ್ಬನಿಗೆ ರೊಟ್ಟಿ ಇಳೀತಿರಲಿಲ್ಲ. ಕಳೆದ ವರ್ಷ ಅಸ್ಸುವಿಗೆ ಬೆಟ್ಟ ಹತ್ತೋಕಾಗದೇ ಹೋದಾಗ ಝಾಯಿದನೇ ಇಳಿದು ಬಂದು ಮೆಷಿನ್ ಮನೆಯ ಕಟ್ಟೆ ಮೇಲೆ ಕೂತು ಜಗಳ ಮುಂದುವರಿಸಿದ್ದ. ಇಬ್ಬರೂ ತಲೆಗೆ ತಲೆ ತಾಗಿಸಿ ಪಿಸುಗುಟ್ಟೋದನ್ನ ಇಝ್ಝಾ ನೋಡಿದ್ದಳು. ಅವಳು ಹತ್ರ ಹೋದರೆ ಸಾಕು, ಕಳ್ಳ ಹುಡುಗರ ಹಾಗೆ ಮಾತು ನಿಲ್ಲಿಸಿಬಿಡೋರು.

*

ಗೋರಿಗೆ ಮಣ್ಣು ಹಾಕಿ ಬಂದ ಗಂಡಸರು ಅಂಗಳದಲ್ಲಿ ತಟ್ಟೆಗಳ ಸುತ್ತ ಕೂತರು. ಬಾರ್ಲಿ ಕುಸ್ಕುಸ್ ಮೇಲೆ ಮೂಲಂಗಿ, ಕುಂಬಳಕಾಯಿ, ಪಕ್ಕಕ್ಕೆ ತಣ್ಣನೆ ಮಜ್ಜಿಗೆ. ಮೊದಲು ಎಲ್ಲರೂ ಸುಮ್ಮನೆ ತಿಂದರು. ಆಮೇಲೆ ಸತ್ತವನ ಗುಣಗಾನ, ಅದರ ಜೊತೆಗೇ ಊಟದ ಗುಣಗಾನ. ಬೆನ್ನಾಸರ್ ಸಿಟ್ಟಿದ್ದಾಗ ಜಾಸ್ತಿ ತಿನ್ನೋ ಪೈಕಿ. ತನ್ನ ಕಡೆಯ ಗುಡ್ಡ ಮುಗಿಸಿ ಪಕ್ಕದವನ ಗಡಿ ದಾಟಿದ್ದ. ಇಝ್ಝಾ ಮಜ್ಜಿಗೆ ಗಡಿಗೆ ಹಿಡಿದು ಬಡಿಸ್ತಾ ಬಂದಾಗ ಝಾಯಿದ್ ಚಮಚ ಕೆಳಗಿಟ್ಟ.

"ಬೆನ್ನಾಸರ್, ಬಾರ್ಲಿ ಹೇಗಿದೆ?"

"ಚೆನ್ನಾಗಿದೆ. ಅದರ ಮಾತು ಯಾಕೀಗ? ಬೇರೆ ಮಾತಾಡೋದಿದೆ ನಿನ್ನ ಹತ್ರ."

"ಕಾಳು ದಪ್ಪ ಇದೆಯಾ?"

"ಇದೆಯಪ್ಪ. ಬಯಲುಸೀಮೆಯಿಂದ ತರಿಸಿದ್ಯಾ?"

"ನನ್ನ ಕೆಳಗಿನ ಹೊಲದ್ದು" ಅಂದ ಝಾಯಿದ್. "ಇಗ್ಲಿ ಕಾಲುವೆಯ ಒಂದು ಹನೀನೂ ಅದಕ್ಕೆ ಸೋಕಿಲ್ಲ. ಮೆಷಿನ್ ಮನೆಯಿಂದ ಹೊರಗೆ ಬಂದ ನೀರಲ್ಲೇ ಬೆಳೆದದ್ದು."

ಅಂಗಳದಲ್ಲಿ ಚಮಚಗಳ ಸದ್ದು ನಿಂತಿತು. ಇಗ್ಲಿಯ ಒಬ್ಬ ಮುದುಕ ತನ್ನ ಹೊಟ್ಟೆ ಮೇಲೆ ಕೈಯಿಟ್ಟು ನೋಡ್ಕೊಂಡ. ಝಾಯಿದ್ ಮಿಕ್ಕಿದ್ದನ್ನ ನಿಧಾನಕ್ಕೆ ಹೇಳಿದ. ವಸಂತದಲ್ಲಿ ಅಸ್ಸು ತನ್ನ ಸ್ವಂತ ಹೊಲದ ಸರದಿ ನೀರನ್ನ ಅವನಿಗೆ ಬಿಟ್ಟುಕೊಟ್ಟಿದ್ದ. ಇಬ್ಬರೂ ಪೊದೆ ಮರೆಯಲ್ಲಿ ಒಂದು ಸಣ್ಣ ಕಾಲುವೆ ಕೆತ್ತಿ, ಕಳ್ಳತನದಲ್ಲಿ ಆ ಬಾರ್ಲಿ ಬೆಳೆಸಿದ್ದರು. ಚೆನ್ನಾಗಿ ಬಂದರೆ ಎರಡೂರಿನ ಮುಂದೆ ಹೇಳ್ತೀನಿ ಅಂತ ಝಾಯಿದ್ ಮಾತು ಕೊಟ್ಟಿದ್ದ. ಬಂತು. ಇಗ್ಲಿಯವರು ಏನಂತಾರೋ ಅಂತ ಇವತ್ತು ನಾಳೆ ಅಂತ ತಳ್ಳಿದ. ಅಕ್ರೋಟು ಕೊಯ್ಲು ಮುಗೀಲಿ ಅಂದ್ಕೊಂಡ. ಅಸ್ಸು ಅಷ್ಟು ದಿನ ಕಾಯಲಿಲ್ಲ.

"ಅಂದ್ರೆ ನನಗೆ ಸತ್ವ ಇಲ್ಲದ ಬಾರ್ಲಿ ತಿನ್ನಿಸಿದೆ ನೀನು" ಅಂದ ಬೆನ್ನಾಸರ್.

"ಮೂರನೇ ಸಲ ಬಡಿಸ್ಕೊಳ್ಳೋವಾಗ ಸತ್ವ ಕಮ್ಮಿ ಇದೆ ಅನ್ನಿಸ್ಲಿಲ್ವಾ?"

ಯಾರೋ ಮೂಗಲ್ಲಿ ನಗೋಕೆ ಹೋಗಿ ಕೆಮ್ಮಿದರು. ಸಾವಿನ ಮನೇಲಿ ನಗಬಾರದು ಅಂತ ಎಲ್ಲರೂ ತಡ್ಕೊಂಡರು. ತಡೆಯೋಕಾಗದೇ ಮೊದಲು ನಕ್ಕಿದ್ದು ಇಝ್ಝಾ. ಗಡಿಗೆಯ ಮಜ್ಜಿಗೆ ತುಳುಕಿ ಇದ್ದೀರನ ತೋಳ ಮೇಲೆ ಬಿತ್ತು. ಆಮೇಲೆ ಅಂಗಳಕ್ಕೆ ಅಂಗಳವೇ ನಕ್ಕಿತು, ಕುರಾನ್ ಓದೋಕೆ ಬಂದಿದ್ದವರೂ ಗಡ್ಡಕ್ಕೆ ಕೈ ಅಡ್ಡ ಹಿಡಿದರು.

ಝಾಯಿದ್ ನಗಲಿಲ್ಲ. ಎದ್ದು ಹೋಗಿ ಗುದ್ದಲಿ ತಂದು ಬೆನ್ನಾಸರ್ ಮುಂದೆ ಇಟ್ಟ. ಅಸ್ಸುವಿಗೆ ಕೊಟ್ಟ ಮಾತಿಗೆ ತೂಬು ಮುಚ್ಚಿದವನು ತಾನೇ, ಇನ್ನು ತಾನು ನೀರುಗಂಟಿಯಾಗಿ ಬೇಡ ಅಂದ್ರೆ ಇದನ್ನ ಈಗಲೇ ತಗೋಬಹುದು ಅಂದ. ಆದರೆ ಇವತ್ತಿನ ನೀರು ಎಲ್ಲೂ ಪೋಲಾಗಿಲ್ಲ, ಚಕ್ರ ತಿರುಗಿಸಿ ಬಂದದ್ದು ಬೆಳಗಿನಿಂದ ತನ್ನ ಹೊಲ ತುಂಬಿ ಪಕ್ಕದ ಬೆನ್ನಾಸರನ ಜೋಳಕ್ಕೇ ಹರೀತಿದೆ, ಬೇಕಾದರೆ ಇಳಿದು ನೋಡಲಿ ಅಂದ.

ಬೆನ್ನಾಸರ್ ಗುದ್ದಲಿ ಮುಟ್ಟಲಿಲ್ಲ. ಅಷ್ಟು ಸುಲಭಕ್ಕೆ ಸೋಲೋನೂ ಅಲ್ಲ.

"ಸರಿ, ಬಾರ್ಲಿ ಬೆಳೆಯುತ್ತೆ ಅಂತಿಟ್ಕೊಳ್ಳೋಣ. ನಮ್ಮ ನೀರು ಬೀಳಿಸಿ ಇವರು ಆರು ದಿನಾನೂ ದೀಪ ಹಚ್ಕೋತಾರೆ. ಬಂಡೆ ಮೇಲೆ ಕೂತು ಅದನ್ನ ನೋಡೋದು ನಮ್ಮ ಪಾಲಿಗಾ?"

ತಲಾತ್‌ನ ಹಿರಿಯರು ತಲೆ ತಗ್ಗಿಸಿದರು. ನಾಳೆ ಮೆಷಿನ್ ಹೊರೋಕೆ ಲಾರಿ ಬರೋದಿತ್ತು. ಇಝ್ಝಾ ಗಡಿಗೇನ ಕೆಳಗಿಟ್ಟಳು. ಗಂಡಸರ ನಡುವೆ ನಿಂತು ಅವಳು ಯಾವತ್ತೂ ಮಾತಾಡಿದವಳಲ್ಲ. ಆದರೆ ಲೆಕ್ಕ ನಾಲಿಗೆ ತುದೀಲಿತ್ತು, ಮದುವೆಗೆ ಮುಂಚಿನಿಂದ ಜೋಗುಳದ ಹಾಗೆ ಕೇಳಿದ್ದು.

"ಸೆಕೆಂಡಿಗೆ ಅರವತ್ತು ಲೀಟರ್" ಅಂದಳು. "ಇಪ್ಪತ್ತೈದು ಮೀಟರ್ ಎತ್ತರದಿಂದ ಬೀಳುತ್ತೆ. ಗುಣಿಸಿದರೆ ಸಾವಿರದ ಐನೂರು. ಹತ್ತರಿಂದ ಗುಣಿಸಿದರೆ ಹದಿನೈದು ಸಾವಿರ. ಅರ್ಧ ಬಿಸಾಕಿ. ಏಳೂವರೆ ಸಾವಿರ ವ್ಯಾಟ್ ಉಳೀತು. ನಮ್ಮೂರಲ್ಲಿ ನಲವತ್ತು ಮನೆ. ಎರಡು ಬಲ್ಬು, ಒಂದು ಸಣ್ಣ ಟೀವಿ, ಮನೆಗೆ ತೊಂಬತ್ತು ವ್ಯಾಟ್ ಅಂತಿಟ್ಕೊಳ್ಳಿ. ಮೂರು ಸಾವಿರದ ಆರುನೂರು."

"ಮಿಕ್ಕಿದ್ದು?"

"ಮಿಕ್ಕಿದ್ದು ಬಟ್ಟೆ ಒಗೆಯೋ ಬಿಸಿನೀರು. ಇಷ್ಟು ವರ್ಷ ಅರ್ಧಕ್ಕಿಂತ ಜಾಸ್ತಿ ತೊಟ್ಟೀಲೇ ಕುದ್ದು ಹೋಯ್ತು ಬೆನ್ನಾಸರ್ ಚಿಕ್ಕಪ್ಪ. ನಿಮ್ಮೂರಲ್ಲಿ ಎಷ್ಟು ಮನೆ?"

"ಮೂವತ್ತೆಂಟು" ಅಂತ ಇಗ್ಲಿಯ ನಾಲ್ಕೈದು ಜನ ಒಟ್ಟಿಗೇ ಹೇಳಿದರು.

ಬೆನ್ನಾಸರ್ ಬೆರಳು ಮಡಚೋಕೆ ಶುರುಮಾಡಿದ. ಎರಡು ಬೆರಳು ಮಡಚೋ ಅಷ್ಟರಲ್ಲಿ ತೋಳಿನ ಮಜ್ಜಿಗೆ ಒರೆಸ್ಕೊಳ್ತಿದ್ದ ಇದ್ದೀರ ತಲೆ ಎತ್ತಿದ. ವ್ಯಾಪಾರಿ ತಲೆ, ತಡೆಯೋಕಾಗಲ್ಲ.

"ಸಾಲುತ್ತೆ" ಅಂದ. ಅಂದಿದ್ದಕ್ಕೆ ಅವನಿಗೇ ಆಶ್ಚರ್ಯ ಆಯ್ತು. ಇನ್ನೊಂದು ಸಲ ಮನಸ್ಸಲ್ಲೇ ಕೂಡಿ ಕಳೆದು ನೋಡಿದ. "ಎರಡೂರಿಗೂ ಸಾಲಿ, ಇನ್ನೂ ನಾನೂರ ಎಂಬತ್ತು ಮಿಗುತ್ತೆ. ಎರಡು ಮಸೀದಿ. ನನ್ನ ಫ್ರಿಜ್ಜು."

ಕೆಳಗೆ ಮೆಷಿನ್ ಮನೆಯ ಗುಂಯ್ ಸದ್ದು ಅಂಗಳದವರೆಗೂ ಬರ್ತಿತ್ತು.

"ತಪ್ಪು ಲೆಕ್ಕ ಹಾಕಿದ ಅಂತ ನಾವೆಲ್ಲಾ ನಕ್ಕೆವು ಅವನಿಗೆ" ಅಂದ ಝಾಯಿದ್. "ಎರಡೂರಿಗೆ ಸರಿಯಾದ ಮೆಷಿನ್ನೇ ತಂದಿದ್ದ ನನ್ಮಗ."

ಇಝ್ಝಾ ತಲೆಬಟ್ಟೆಯಲ್ಲಿ ಮುಖ ಮುಚ್ಚಿಕೊಂಡಳು. ಬೆಳಗಿನಿಂದ ಅತ್ತಿದ್ದಕ್ಕೂ ಈ ಅಳುವಿಗೂ ಸಂಬಂಧ ಇರಲಿಲ್ಲ. ಟೂದಾ ಅವಳನ್ನ ತಬ್ಬಿಕೊಂಡು, ಅಳಬೇಡ ಕಣೇ ಅಂತ ಹೇಳ್ತಾ ತಾನೇ ಜೋರಾಗಿ ಅಳೋಕೆ ಶುರುಮಾಡಿದಳು.

ಬೆನ್ನಾಸರ್ ಗುದ್ದಲಿ ಎತ್ತಿ ಝಾಯಿದನ ಕೈಗೇ ಕೊಟ್ಟ. ಪೊದೆ ಮರೆಯ ಕಾಲುವೆ ಇಡೀ ಊರಿಗೆ ಸಾಲಲ್ಲ, ಅಗಲ ಮಾಡಬೇಕು ಅಂದ. ಹಾಗೆ ಅಂದದ್ದೇ ಅವನ ಒಪ್ಪಿಗೆ ಅಂತ ಎಲ್ಲರಿಗೂ ಅರ್ಥ ಆಯ್ತು. ನಾಳೆ ಬೆಳಿಗ್ಗೆ, ಪಾಲುಗಲ್ಲಿಗೆ ಬಿಸಿಲು ಬೀಳೋ ಹೊತ್ತಿಗೆ, ಎರಡೂರಿನ ಹಿರಿಯರೂ ಅಲ್ಲಿ ಸೇರೋದು, ಮಾತು ಕಟ್ಟೋದು. ಕೈಯಲ್ಲಾಗೋರೆಲ್ಲಾ ಗುದ್ದಲಿ ತರೋದು. ಲಾರಿಯವನಿಗೆ ಏನು ಹೇಳ್ತೀಯ ಅಂತ ಒಬ್ಬ ಇದ್ದೀರನನ್ನ ಕೆಣಕಿದ. ಅವನು ಬರಲಿ ಬಿಡು ಅಂದ ಇದ್ದೀರ, ಮೆಷಿನ್ ಹೊತ್ಕೊಂಡು ಹೋಗೋ ಬದಲು ಪಟ್ಟಣದಿಂದ ತಂತಿ ಹೊತ್ಕೊಂಡು ಬರಲಿ. ಆದರೆ ತಂತಿ ಎಷ್ಟು ಉದ್ದ ಬೇಕು ಅಂತ ಕೇಳಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ಹೊಂದಲಿಲ್ಲ. ದಾರಿ ಸುತ್ತು ಅಂದರು, ಬಂಡೆ ಅಡ್ಡ ಅಂದರು. ಗಂಡಸರು ಚಹಾ ಕುಡೀತಾ ಅದರ ಮೇಲೆ ಹೊಸ ಜಗಳ ಶುರುಮಾಡಿದರು.

ಫದ್ಮಾ ಸ್ವಲ್ಪ ಹೊತ್ತು ಕೇಳಿದಳು. ಆಮೇಲೆ ಇಝ್ಝಾಳ ಮೊಣಕೈ ತಿವಿದು, ದಾರಿ ನಾವೇ ಅಳೆದುಬಿಡೋಣ, ಮನೇಲಿ ನೂಲಿನ ಉಂಡೆ ಇದೆಯಾ ಅಂದಳು. ಇತ್ತು, ಕಂಬಳಿಗೆ ಅಂತ ನೂತು ಕೆಂಪು ಬಣ್ಣ ಹಾಕಿಟ್ಟಿದ್ದು, ಒಂದು ಬುಟ್ಟಿ ತುಂಬಾ.

ಇಬ್ಬರೂ ಮೆಷಿನ್ ಮನೆಗೆ ಇಳಿದರು. ಬಾಗಿಲ ಚಿಲಕಕ್ಕೆ ನೂಲಿನ ಒಂದು ತುದಿ ಕಟ್ಟಿ, ಫದ್ಮಾ ಉಂಡೆ ಬಿಚ್ಚುತ್ತಾ ಬೆಟ್ಟ ಹತ್ತೋಕೆ ಶುರುಮಾಡಿದಳು. ಒಂದು ಉಂಡೆ ಮುಗಿದ ಕಡೆ ಇಝ್ಝಾ ಗಂಟು ಹಾಕಿ ಇನ್ನೊಂದು ಕೊಟ್ಟಳು. ಇಗ್ಲಿಯ ಹೆಂಗಸರು ಖಾಲಿ ಪಾತ್ರೆ ತಲೆ ಮೇಲಿಟ್ಟುಕೊಂಡು ಹಿಂದೆ ಹೊರಟರು. ಆಮೇಲೆ ತಲಾತ್‌ನವರೂ ಬುಟ್ಟಿ ಹಿಡಿದು ಸೇರಿಕೊಂಡರು. ಅಂಗಳದಲ್ಲಿದ್ದ ಗಂಡಸರು ಚಹಾ ಲೋಟ ಕೈಯಲ್ಲೇ ಹಿಡಿದು ಎದ್ದು ನಿಂತು ನೋಡಿದರು. ಅಕ್ರೋಟು ಮರಗಳ ಮೇಲಿಂದ, ಬಂಡೆಯ ಬದಿಯಿಂದ, ಸಂಜೆ ಬಿಸಿಲಲ್ಲಿ ಕೆಂಪಗೆ ಒಂದು ಗೆರೆ ಇಗ್ಲಿ ಕಡೆ ಏರ್ತಾ ಇತ್ತು.

ಮೇಲಿಂದ ಫದ್ಮಾಳ ದನಿ ಬಂಡೆಗೆ ಬಡಿದು ಕೆಳಗೆ ಬಂತು. ಇನ್ನೂ ಎರಡು ಉಂಡೆ ಬೇಕಂತೆ, ನಾಳೆ ಪಾಲುಗಲ್ಲಿನ ಹತ್ರ ಬರೋವಾಗ ಯಾರೂ ಕಾಲಿಂದ ಈ ನೂಲು ತುಳೀಬಾರದಂತೆ.